ತಲೆಯ ಮೇಲಿನ ಕಸೂತಿ

ಪತ್ರ: ನಾನು ಕಾಸರಗೋಡಿನ ಬದಿಯಡ್ಕದವಳು, ಈಗ ಒಮಾನಿನ ಮಸ್ಕತ್‌ನಲ್ಲಿ ಕೆಲಸ. ಆಫೀಸಿನ ಒಮಾನಿಗಳು ತೊಡುವ ಕುಮ್ಮಾ ಟೋಪಿಯ ಕಸೂತಿ ನೋಡುತ್ತಾ ಮೈಮರೆಯುತ್ತೇನೆ. ಇದನ್ನೂ ಕಲೆ ಅನ್ನಬಹುದಾ? ನಮ್ಮಲ್ಲಿ ಕಲೆ ಅಂದರೆ ಯಕ್ಷಗಾನ, ತೆಯ್ಯಂ. ದಿನಾ ತೊಡುವುದರಲ್ಲಿ ಇಂಥ ಕುಸುರಿ ನಮ್ಮೂರಲ್ಲಿ ಇಲ್ಲವೇ ಇಲ್ಲ.

ಉತ್ತರ: ಧಾರಾಳವಾಗಿ ಅನ್ನಬಹುದು ತಂಗೀ. ಮುಂದಿನ ಸಲ ಆ ಟೋಪಿಯನ್ನು ಹತ್ತಿರದಿಂದ ನೋಡಿ. ಬಣ್ಣದ ನೂಲಿನ ನಡುವೆ ಸಣ್ಣ ಸಣ್ಣ ತೂತುಗಳಿರುತ್ತವೆ. ಪ್ರತಿ ತೂತಿನ ಅಂಚನ್ನೂ ಸುತ್ತ ಹೊಲಿದಿರುತ್ತಾರೆ. ಆ ಸೆಕೆಯಲ್ಲಿ ತಲೆಗೆ ಗಾಳಿ ಆಡಬೇಕಲ್ಲ, ಅದಕ್ಕೆ. ಚೆಂದವೂ ಅಲ್ಲೇ, ಉಪಯೋಗವೂ ಅಲ್ಲೇ. ಕೈಯಲ್ಲಿ ಹೊಲಿದದ್ದಾದರೆ ಒಂದು ಟೋಪಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹೊಲಿಯುವವರು ಹೆಚ್ಚಾಗಿ ಹೆಂಗಸರು. 19ನೇ ಶತಮಾನದಲ್ಲಿ ಒಮಾನಿನ ಸುಲ್ತಾನರು ಪೂರ್ವ ಆಫ್ರಿಕಾದ ಜಂಜಿಬಾರ್ ದ್ವೀಪದಲ್ಲಿ ನೆಲೆಸಿ ಆಳಿದ್ದರು. ಅಲ್ಲಿಯ ಕೋಫಿಯಾ ಟೋಪಿಗೂ ಇದಕ್ಕೂ ನಂಟಿದೆ. ಒಮಾನಿ ಗಂಡಸರ ನಿಲುವಂಗಿಯ ಕೊರಳಲ್ಲಿ ಒಂದು ಪುಟ್ಟ ಗೊಂಡೆ ತೂಗುತ್ತದೆ, ಗಮನಿಸಿದ್ದೀರಾ? ಅದನ್ನು ಅತ್ತರಿನಲ್ಲಿ ಅದ್ದುತ್ತಾರೆ. ಕಣ್ಣಿಗಷ್ಟೇ ಅಲ್ಲ, ಮೂಗಿಗೂ ಅಲಂಕಾರ!

ಮಸ್ಕತ್‌ನಲ್ಲಿ 2016ರಲ್ಲಿ ಜನರಿಗೆ ತೆರೆದ ನ್ಯಾಷನಲ್ ಮ್ಯೂಸಿಯಂ ಇದೆ. ಖಂಡಿತ ಹೋಗಿ. ಆದರೆ ಗಾಜಿನ ಹಿಂದಿನ ವಸ್ತುವಿಗಿಂತ ಪಕ್ಕದ ಮೇಜಿನವರ ಟೋಪಿ ನಿಮ್ಮನ್ನು ಜಾಸ್ತಿ ಹಿಡಿದಿಟ್ಟಿತು ಅಂದರೆ ಅದಕ್ಕೆ ಸಂಕೋಚ ಬೇಡ.

"ನಮ್ಮೂರಲ್ಲಿ ಇಲ್ಲವೇ ಇಲ್ಲ" ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಾಸರಗೋಡು ಪೇಟೆಯ ಪಕ್ಕದ ತಳಂಗರೆ ನಿಮಗೆ ಗೊತ್ತು, ಮಾಲಿಕ್ ದೀನಾರ್ ಮಸೀದಿ ಇರುವ ಊರು. ತಳಂಗರೆ ಟೋಪಿ ಅಂದರೆ ಒಂದು ಕಾಲದಲ್ಲಿ ಕೊಲ್ಲಿ ದೇಶಗಳಲ್ಲೂ ಹೆಸರುವಾಸಿ. ಬಿಳಿ ಹತ್ತಿ ಬಟ್ಟೆ, ಅದರ ಮೇಲೆ ಕೈಕಸೂತಿ. ಮನೆಗೆಲಸ ಮುಗಿಸಿ ಕೂತ ಹೆಂಗಸರ ಕೈಕೆಲಸ ಅದು. ಮಿಷಿನ್ ಟೋಪಿ ಅಗ್ಗಕ್ಕೆ ಬಂದ ಮೇಲೆ ಕೊಳ್ಳುವವರು ಕಡಿಮೆಯಾದರು. ಹೊಲಿಯುವವರೂ ಈಗ ಬೆರಳೆಣಿಕೆಯಷ್ಟು. ನಮ್ಮ ಕಾಸರಗೋಡು ಸೀರೆಗೆ 2010ರಲ್ಲಿ ಜಿಐ (ಆ ಊರಿನದೇ ವಿಶೇಷ ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು, ಎಲ್ಲರೂ ಖುಷಿಪಟ್ಟೆವು. ಆದರೆ ತಳಂಗರೆ ಟೋಪಿಯ ಬಗ್ಗೆ ಕನ್ನಡದಲ್ಲಿ ನಾವು ಬರೆದದ್ದೇ ಕಡಿಮೆ. ಅದು ನನಗೆ ನಿಜವಾಗಿ ನೋವಿನ ಸಂಗತಿ. ವೇಷ ಕಟ್ಟಿ ರಂಗಕ್ಕೆ ಬಂದದ್ದನ್ನು ಕಲೆ ಅಂತೇವೆ. ಬಸ್ಸಿನಲ್ಲಿ ಪಕ್ಕದ ಸೀಟಿನವರ ತಲೆಯ ಮೇಲಿದ್ದರೆ ನೋಡುವುದೇ ಇಲ್ಲ, ಅಲ್ವಾ?

ಒಂದು ಕೆಲಸ ಮಾಡಿ. ಸುಮ್ನೆ ಫೋಟೊ ತೆಗೆಯಬೇಡಿ. "ಇದನ್ನು ಹೊಲಿದವರು ಯಾರು?" ಅಂತ ಸಹೋದ್ಯೋಗಿಯನ್ನು ಕೇಳಿ. ತಾಯಿಯೋ ಹೆಂಡತಿಯೋ ಹೊಲಿದದ್ದಾದರೆ ಅವರೇ ಸಂತೋಷದಿಂದ ಹೇಳುತ್ತಾರೆ. ಕೇಳಿದ್ದನ್ನು ನಮಗೆ ಬರೆದು ಕಳಿಸಿ, ಪ್ರಕಟಿಸುತ್ತೇವೆ. ರಜೆಗೆ ಬಂದಾಗ ತಳಂಗರೆಗೂ ಹೋಗಿ. ಕೈಯಲ್ಲಿ ಹೊಲಿದ ಟೋಪಿ ಸಿಕ್ಕರೆ ದಯವಿಟ್ಟು ಚೌಕಾಸಿ ಮಾಡಬೇಡಿ. ಎಷ್ಟು ದಿನ ಹಿಡಿಯಿತು ಅಂತ ಮೊದಲು ಕೇಳಿ, ಆಮೇಲೆ ದುಡ್ಡು ಕೊಡಿ.

– ಸಂಪಾದಕ