ನನ್ನ ಹೆರಿಗೆ ಕಥೆಯನ್ನು ಅರ್ಜಿಯಲ್ಲಿ ಬರೆಯಬೇಕಾ?

ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ನನ್ನ ಹತ್ತಿರ ಸಲಹೆ ಕೇಳಲು ಬಂದ ಸುಮಾಗೆ 31 ವರ್ಷ. ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ. ನಾಲ್ಕು ವರ್ಷದ ಮಗಳಿದ್ದಾಳೆ. ಮಿಡ್‌ವೈಫರಿ (ಗರ್ಭಿಣಿ, ಬಾಣಂತಿಯರ ಆರೈಕೆ ಮಾಡುವ, ಹೆರಿಗೆ ಮಾಡಿಸುವ ವೃತ್ತಿ) ಪದವಿಗೆ ಎರಡು ಸಲ ಅರ್ಜಿ ಹಾಕಿದ್ದಾರೆ, ಎರಡು ಸಲವೂ ಸೀಟು ಸಿಕ್ಕಿಲ್ಲ. ಮೊದಲ ಸಲ ಸಂದರ್ಶನಕ್ಕೇ ಕರೆಯಲಿಲ್ಲ. ಎರಡನೇ ಸಲ ಕರೆದರು, ಆದರೆ ಒಂದು ಪ್ರಶ್ನೆಗೆ ಉತ್ತರ ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. "ಮೇಡಂ, ಈ ಕೆಲಸ ನನ್ನ ಕೈಲಿ ಆಗಲ್ಲ ಅನ್ನೋದಾದ್ರೆ ಹೇಳಿಬಿಡಿ, ಸುಮ್ನೆ ಇನ್ನೊಂದು ವರ್ಷ ಕಾಯಲ್ಲ" ಅಂದರು.

ಅರ್ಜಿ ಜೊತೆ ಕೊಟ್ಟಿದ್ದ ಬರಹವನ್ನು ಕೇಳಿ ಓದಿದೆ. ಮುಕ್ಕಾಲು ಭಾಗ ಅವರ ಸ್ವಂತ ಹೆರಿಗೆಯ ಕಥೆ. ಗಂಟೆಗಟ್ಟಲೆ ನೋವು, ಯಾರೂ ಏನೂ ಬಿಡಿಸಿ ಹೇಳಲಿಲ್ಲ, ಕೊನೆಗೆ ಅವಸರದಲ್ಲಿ ಸಿಸೇರಿಯನ್. ರಾತ್ರಿ ಪಾಳಿಯಲ್ಲಿದ್ದ ಒಬ್ಬ ಮಿಡ್‌ವೈಫ್ ಮಾತ್ರ ಪಕ್ಕದಲ್ಲಿ ಕೂತು, ಏನು ನಡೆಯುತ್ತಿದೆ ಅಂತ ಹೇಳಿದ್ದರು. ತಾನೂ ಹಾಗೆ ಆಗಬೇಕು ಅಂತ ಸುಮಾಗೆ ಅನ್ನಿಸಿದ್ದು ಅವತ್ತೇ. ಉಳಿದ ಕಾಲು ಭಾಗದಲ್ಲಿ ಮಕ್ಕಳೆಂದರೆ ಪ್ರಾಣ ಅಂತಿತ್ತು.

ಬರೆದಿದ್ದೆಲ್ಲ ನಿಜ, ಅದರಲ್ಲಿ ಅನುಮಾನವಿಲ್ಲ. ಆದರೆ ಆಯ್ಕೆ ಮಾಡುವವರು ಹುಡುಕುವುದು ಬೇರೆ. ಈ ವ್ಯಕ್ತಿಗೆ ಕೆಲಸ ಏನು ಅಂತ ಗೊತ್ತಿದೆಯಾ? ಕಷ್ಟದಲ್ಲಿರುವ ಇನ್ನೊಬ್ಬರ ಜೊತೆ ಹೇಗೆ ಇರುತ್ತಾರೆ? ಇದಕ್ಕೆ ಆ ಪುಟದಲ್ಲಿ ಒಂದೂ ಸಾಲಿರಲಿಲ್ಲ. ಮಿಡ್‌ವೈಫ್ ಕೆಲಸದಲ್ಲಿ ಮಗು ಎತ್ತಿಕೊಳ್ಳುವ ಹೊತ್ತು ಕಡಿಮೆ. ತಾಯಿಯ ರಕ್ತದೊತ್ತಡ, ಹೊಟ್ಟೆಯಲ್ಲಿ ಮಗು ತಿರುಗಿರುವ ರೀತಿ, ಅದರ ಎದೆಬಡಿತ, ಹೆರಿಗೆಯಾದ ಮೇಲೆ ಹೋಗುವ ರಕ್ತ, ಬಾಣಂತಿಯ ಮನಸ್ಸು, ಇವನ್ನು ನೋಡುತ್ತಿರಬೇಕು. ನೋಡಿದ್ದನ್ನೆಲ್ಲ ಬರೆದಿಡಬೇಕು, ಅದಕ್ಕೇ ಎಷ್ಟೋ ಹೊತ್ತು ಹೋಗುತ್ತದೆ. ಸಹಜವಾಗಿದ್ದದ್ದು ದಾರಿ ತಪ್ಪುತ್ತಿದೆ ಅನ್ನಿಸಿದ ತಕ್ಷಣ ಡಾಕ್ಟರನ್ನು ಕರೆಯಬೇಕು. ಮಗು ಉಳಿಯದ ಹೆರಿಗೆಯೂ ಇರುತ್ತದೆ, ಅವತ್ತೂ ಆ ತಾಯಿಯ ಪಕ್ಕದಲ್ಲಿ ಇರಬೇಕು.

ಸಂದರ್ಶನದಲ್ಲಿ ಅಳು ಬಂದದ್ದು ಯಾವ ಪ್ರಶ್ನೆಗೆ ಅಂತ ಕೇಳಿದೆ. "ನೋವಿನಲ್ಲಿ ಕಿರುಚುತ್ತಿರುವ ಹೆಂಗಸು ನಿಮ್ಮ ಮಾತೇ ಕೇಳದಿದ್ದರೆ ಏನು ಮಾಡುತ್ತೀರಿ?" ಆ ಕ್ಷಣ ತಾನೇ ಆ ಮಂಚದ ಮೇಲಿದ್ದ ಹಾಗಾಯಿತಂತೆ. ಇನ್ನೂ ಕೇಳುತ್ತಾ ಹೋದಾಗ ಒಂದೊಂದೇ ಹೊರಬಂತು. ಈಗಲೂ ಕೆಟ್ಟ ಕನಸು ಬೀಳುತ್ತದೆ. ಆ ಆಸ್ಪತ್ರೆ ಇರುವ ರಸ್ತೆಗೆ ಹೋಗುವುದಿಲ್ಲ. ಯಾವುದೋ ಯಂತ್ರ ಬೀಪ್ ಅಂದರೂ ಬೆಚ್ಚಿಬೀಳುತ್ತಾರೆ. ಮಗಳ ಹುಟ್ಟುಹಬ್ಬ ಹತ್ತಿರ ಬಂದರೆ ನಿದ್ದೆ ಇಲ್ಲ.

ಸೀಟಿನ ವಿಷಯ ಅವತ್ತಿಗೆ ಅಲ್ಲಿಗೇ ಬಿಟ್ಟೆವು. ಹೆರಿಗೆಯ ಆಘಾತ ಹೀಗೆ ವರ್ಷಗಟ್ಟಲೆ ಉಳಿಯಬಹುದು, ಚಿಕಿತ್ಸೆಯೂ ಇದೆ. ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ) ಇದೆ, ಇಎಂಡಿಆರ್ (ಕಣ್ಣಿನ ಚಲನೆ ಬಳಸಿ ಕೆಟ್ಟ ನೆನಪಿನ ತೀವ್ರತೆ ತಗ್ಗಿಸುವ ಚಿಕಿತ್ಸೆ) ಇದೆ. ಅದು ನಾನು ಮಾಡುವ ಕೆಲಸವಲ್ಲ, ಹಾಗಾಗಿ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಹತ್ತಿರ ಕಳಿಸಿದೆ. "ಕೋರ್ಸಿಗೆ ಸೇರಿದ್ರೆ ತಾನಾಗೇ ಸರಿಹೋಗುತ್ತೆ ಅಂತ ಗೆಳತಿ ಹೇಳಿದ್ಲು" ಅಂದರು. ಇದನ್ನು ನಾನು ಒಪ್ಪಲಿಲ್ಲ, ನೇರವಾಗಿಯೇ ಹೇಳಿದೆ. ನೆದರ್‌ಲ್ಯಾಂಡ್ಸ್‌ನ ಹೇಗ್‌ ನಗರದಲ್ಲಿ ಮುಖ್ಯ ಕಚೇರಿ ಇರುವ ಮಿಡ್‌ವೈಫ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಐಸಿಎಂ ಹೇಳುವ ಪ್ರಕಾರ, ನೇರವಾಗಿ ಸೇರುವವರಿಗೆ ಈ ಓದು ಕಡಿಮೆಯೆಂದರೂ 3 ವರ್ಷ, ನರ್ಸಿಂಗ್ ಮುಗಿಸಿದವರಿಗೆ 18 ತಿಂಗಳು. ಅದರಲ್ಲಿ ಕಡೇಪಕ್ಷ ಅರ್ಧ ಭಾಗ ಪ್ರಾಯೋಗಿಕ ತರಬೇತಿ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ವಿದ್ಯಾರ್ಥಿ ಸಾಮಾನ್ಯವಾಗಿ 40 ಹೆರಿಗೆಗಳನ್ನು ತಾನೇ ಮಾಡಿಸಬೇಕು. ಅವಸರದ ಸಿಸೇರಿಯನ್ ಕಣ್ಣಿಗೆ ಬೀಳದೆ ಇರುವುದಿಲ್ಲ. ನಮ್ಮ ಗಾಯ ಮಾಯಲಿ ಅಂತ ಇನ್ನೊಬ್ಬಳ ಹೆರಿಗೆ ಕೋಣೆಯಲ್ಲಿ ನಿಲ್ಲುವುದು ಅವಳಿಗೆ ಮಾಡುವ ಅನ್ಯಾಯ.

ಹಾಗಂತ ಕಷ್ಟದ ಹೆರಿಗೆ ಕಂಡವರು ಮಿಡ್‌ವೈಫ್ ಆಗಬಾರದು ಅಂತಲ್ಲ, ಖಂಡಿತ ಆಗಬಹುದು. ಸೇರುವಾಗಿನ ಆರೋಗ್ಯ ತಪಾಸಣೆಯಲ್ಲಿ ಕೇಳಿದರೆ ಚಿಕಿತ್ಸೆ ಪಡೆದದ್ದನ್ನು ಮುಚ್ಚಿಡಬೇಡಿ ಅಂತಲೂ ಹೇಳಿದೆ.

ಈ ವರ್ಷ ಅರ್ಜಿ ಹಾಕಬೇಡಿ ಅನ್ನುವುದು ನನ್ನ ಸಲಹೆಯಾಗಿತ್ತು. ಅವರಿಗೆ ಇಷ್ಟವಾಗಲಿಲ್ಲ. "ಜಗತ್ತಿನಲ್ಲಿ 9 ಲಕ್ಷ ಮಿಡ್‌ವೈಫ್‌ಗಳ ಕೊರತೆ ಇದೆಯಂತೆ, ನನಗೆ ಒಂದು ಸೀಟಿಲ್ವಾ?" ಅಂದರು. ಲೆಕ್ಕ ಸರಿಯೇ, 2021ರ ಜಾಗತಿಕ ವರದಿಯಲ್ಲಿದೆ. ಆದರೆ ಕೊರತೆ ಇದ್ದ ಮಾತ್ರಕ್ಕೆ ಸೀಟು ಜಾಸ್ತಿ ಆಗುವುದಿಲ್ಲ. ಪ್ರತಿ ವಿದ್ಯಾರ್ಥಿಯ ಪಕ್ಕ ನಿಂತು ಕಲಿಸಲು ಅನುಭವಿ ಮಿಡ್‌ವೈಫ್ ಬೇಕು, ಸಾಕಷ್ಟು ಹೆರಿಗೆಗಳೂ ಬೇಕು. ಮಿಡ್‌ವೈಫ್‌ಗಳೇ ಕಡಿಮೆ ಇರುವ ಕಡೆ ಕಲಿಸುವವರೂ ಕಡಿಮೆ.

ಈ ಒಂದು ವರ್ಷದಲ್ಲಿ ಏನು ಮಾಡಬಹುದು ಅಂತ ಪಟ್ಟಿ ಮಾಡುತ್ತಿದ್ದೆವು. ಆರೈಕೆಯ ಕೆಲಸ ಏನಾದರೂ ಮಾಡಿದ್ದೀರಾ ಅಂದೆ. ಇಲ್ಲ ಅಂದರು. ಸ್ವಲ್ಪ ಹೊತ್ತಿನ ಮೇಲೆ ಬೇರೆ ಯಾವುದೋ ಮಾತಿನ ನಡುವೆ, ಪಾರ್ಶ್ವವಾಯು ಹೊಡೆದಿದ್ದ ಅತ್ತೆಯನ್ನು ತಿಂಗಳುಗಟ್ಟಲೆ ತಾವೇ ನೋಡಿಕೊಂಡಿದ್ದು ಬಂತು. ಮಾತು ಹೊರಡದ ಅತ್ತೆಗೆ ಸ್ನಾನ ಮಾಡಿಸುವ ಮೊದಲು ಪ್ರತಿ ಸಲ ಹೇಳಿ, ಕಣ್ಣಲ್ಲಿ ಒಪ್ಪಿಗೆ ಕೇಳಿ, ಆಮೇಲೆ ಬಟ್ಟೆ ಬಿಚ್ಚುತ್ತಿದ್ದರಂತೆ. "ಇದನ್ನ ಯಾಕೆ ಬರೆದಿಲ್ಲ?" ಅಂದೆ. "ಅದು ಮನೆ ಕೆಲಸ ಅಲ್ವಾ ಮೇಡಂ?" ಅಂದರು! ಕೋರ್ಸಿನವರು ಹುಡುಕುವುದು ಇದನ್ನೇ. ಒಪ್ಪಿಗೆ ಕೇಳುವುದು, ಮಾನ ಕಾಯುವುದು, ಮಾತಿಲ್ಲದವರ ಮುಖ ಓದುವುದು. ಹೊಸ ಬರಹದಲ್ಲಿ ಸ್ವಂತ ಹೆರಿಗೆಗೆ ಎರಡು ಸಾಲು ಸಾಕು, ಅತ್ತೆಯ ಆರೈಕೆಗೆ ಒಂದು ಪೂರ್ತಿ ಪ್ಯಾರಾ ಇರಲಿ ಅಂತ ಹೇಳಿದೆ.

ಉಳಿದ ಸಲಹೆಗಳು ಚಿಕ್ಕವು. ಶಾಲೆ ಬಿಟ್ಟು ಬಹಳ ವರ್ಷವಾಗಿದ್ದರೆ ಇತ್ತೀಚೆಗೆ ಓದಿದ ಪುರಾವೆ ಕೇಳುವ ಕೋರ್ಸುಗಳಿವೆ, ಅದನ್ನು ಮೊದಲೇ ವಿಚಾರಿಸಿಕೊಳ್ಳಿ. ಕೆಲವು ಕಡೆ ಸಂದರ್ಶನವನ್ನು ಹಲವು ಮೇಜುಗಳಾಗಿ ಒಡೆದಿರುತ್ತಾರೆ, ಒಂದೊಂದರಲ್ಲಿ ಕೆಲವೇ ನಿಮಿಷ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಸೀಟಿಗಾಗಿ ಶುರುವಾದ ಪದ್ಧತಿ ಇದು. ಅಲ್ಲಿ ಬಾಯಿಪಾಠ ಉಪಯೋಗಕ್ಕೆ ಬರುವುದಿಲ್ಲ. ಒಂದು ಮೇಜಿನಲ್ಲಿ ಎಡವಿದರೂ ಮುಂದಿನ ಮೇಜಿನಲ್ಲಿ ಕೂತಿರುವವರಿಗೆ ಅದು ಗೊತ್ತಿರುವುದಿಲ್ಲ, ಇದೊಂದು ಅನುಕೂಲ.

ಕೊನೆಯ ಭೇಟಿಗೆ ಗಂಡನನ್ನೂ ಕರೆದುಕೊಂಡು ಬರಲು ಹೇಳಿದ್ದೆ. ನೈಟ್ ಡ್ಯೂಟಿ ಬಿದ್ದ ದಿನ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದೆ. "ಹೇಗೋ ಆಗುತ್ತೆ ಬಿಡಿ" ಅಂದರು ಗಂಡ. ಹೇಗೋ ಅಂದರೆ ಹೇಗೆ ಅಂತ ಸುಮಾ ಅಲ್ಲೇ ಹಿಡಿದು ಕೇಳಿದರು. ಮಾತು ಸ್ವಲ್ಪ ಬಿಸಿಯಾಯಿತು, ನಾನು ನಡುವೆ ಬಾಯಿ ಹಾಕಲಿಲ್ಲ. ಹೋಗುವಾಗ ಒಂದು ಕೆಲಸ ಕೊಟ್ಟು ಕಳಿಸಿದೆ. ಸಂಬಳ ನಿಂತ ಮೇಲೆ ಮೂರು ವರ್ಷದ ಖರ್ಚು, ರಾತ್ರಿ ಪಾಳಿಯ ವಾರದಲ್ಲಿ ಯಾವ ಹೊತ್ತಿಗೆ ಮಗು ಯಾರ ಹತ್ತಿರ, ಎರಡನ್ನೂ ಇಬ್ಬರೂ ಕೂತು ಹಾಳೆಯ ಮೇಲೆ ಬರೆಯಬೇಕು. ಮುಂದಿನ ಸಲ ಅರ್ಜಿ ಶುಲ್ಕ ಕಟ್ಟುವುದು ಆ ಹಾಳೆ ತುಂಬಿದ ಮೇಲೆಯೇ.