ಕುಕ್ಕರ್ ಕೂಗಿದರೂ ಎದೆ ಹೊಡೆದುಕೊಳ್ಳುತ್ತದೆ

ಪ್ರಶ್ನೆ: ನಾನು 38 ವರ್ಷದ ಪ್ರಾಥಮಿಕ ಶಾಲಾ ಶಿಕ್ಷಕಿ. ಖಿನ್ನತೆಗೆ ಐದು ತಿಂಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದು, ಅಳು ಮತ್ತು ನಿದ್ದೆಗೇಡು ಬಹಳ ಕಡಿಮೆಯಾಗಿವೆ. ಆದರೆ ಬೆಳಿಗ್ಗೆ ಕುಕ್ಕರ್ ಕೂಗಿದರೂ ಎದೆ ಹೊಡೆದುಕೊಳ್ಳುತ್ತದೆ. ಮುಖ್ಯೋಪಾಧ್ಯಾಯರು ತರಗತಿಯ ಬಾಗಿಲಲ್ಲಿ ನಿಂತು ಹಾಜರಿ ಪುಸ್ತಕ ಕೇಳಿದರೆ ಸೀಮೆಸುಣ್ಣ ಹಿಡಿದ ಕೈ ನಡುಗುತ್ತದೆ, ಸಂಜೆಯವರೆಗೂ ಹೊಟ್ಟೆ ಕಿವುಚುತ್ತಿರುತ್ತದೆ. "ಇಷ್ಟು ಟೆನ್ಷನ್ ಯಾರಿಗಿಲ್ಲ? ಮಾತ್ರೆ ಬಿಟ್ಟು ಮನಸ್ಸು ಗಟ್ಟಿ ಮಾಡಿಕೋ" ಎನ್ನುತ್ತಾರೆ ನಮ್ಮ ಯಜಮಾನರು. ನಾನು ಅಷ್ಟೊಂದು ದುರ್ಬಲಳೇ?

ಉತ್ತರ: ಇಲ್ಲ ಸೋದರಿ, ನೀವು ದುರ್ಬಲರಲ್ಲ. ನಿಮ್ಮ ಪತ್ರದಲ್ಲಿರುವುದು ನರವ್ಯೂಹದ ದಣಿವು. ಅದನ್ನು ಸ್ವಭಾವದ ದೋಷವೆಂದು ಇಷ್ಟು ದಿನ ಒಬ್ಬರೇ ಹೊತ್ತುಕೊಂಡಿದ್ದೀರಲ್ಲ ಎಂಬುದೇ ನನಗೆ ಸಂಕಟದ ವಿಷಯ.

ಹೃದಯ, ರಕ್ತನಾಳ, ಕರುಳುಗಳನ್ನು ನಮ್ಮ ಅಪ್ಪಣೆಗೆ ಕಾಯದೆ ನಡೆಸುವ ಸ್ವಯಂಚಾಲಿತ ನರವ್ಯೂಹದಲ್ಲಿ, ಗಾಬರಿಯ ಹೊತ್ತಿಗೆ ಎದೆಬಡಿತವನ್ನು ಏರಿಸುವ ಸಿಂಪಥೆಟಿಕ್ ನರಗಳೂ, ಗಾಬರಿ ಕಳೆದ ಮೇಲೆ ಅದನ್ನು ಇಳಿಸುವ ಪ್ಯಾರಾಸಿಂಪಥೆಟಿಕ್ ನರಗಳೂ ಇವೆ. ಎರಡನೆಯ ಗುಂಪಿನಲ್ಲಿ ಮುಖ್ಯವಾದದ್ದು ಮಿದುಳಿನ ಬುಡದಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ. ಕುಕ್ಕರ್ ಕೂಗಿದಾಗ ನಿಮ್ಮ ಯಜಮಾನರೂ ಒಮ್ಮೆ ಬೆಚ್ಚಬಹುದು, ಆದರೆ ಅವರ ದೇಹ ಅರೆಕ್ಷಣದಲ್ಲಿ ಅದನ್ನು ಮರೆಯುತ್ತದೆ, ನಿಮ್ಮದು ಮರೆಯುವುದಿಲ್ಲ. ಖಿನ್ನತೆಯಿರುವ ಅನೇಕರಲ್ಲಿ ಹೃದಯದ ಮೇಲೆ ವೇಗಸ್ ನರದ ಹಿಡಿತ ಸಡಿಲಗೊಂಡಿರುವುದು, ಮತ್ತು ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಸಾಕಷ್ಟು ಏರಿದ ಮೇಲೆ ಅದನ್ನು ತಡೆಯಬೇಕಾದ ಮಿದುಳಿನ ಕಡಿವಾಣ ಮಂದವಾಗಿರುವುದು ಕಂಡುಬಂದಿದೆ. ಮೊದಲನೆಯ ಗಾಬರಿ ಇಳಿಯುವ ಮುನ್ನವೇ ಎರಡನೆಯದು ಬಂದು ಕೂಡಿಕೊಂಡರೆ, ಹಾಜರಿ ಪುಸ್ತಕದಷ್ಟು ಚಿಕ್ಕ ಮಾತೂ ಬೆಳಗಿನ ಬಾಕಿಯ ಮೇಲೆಯೇ ಬಂದು ಬೀಳುತ್ತದೆ. ಹೀಗೆ ಸಣ್ಣ ಸಣ್ಣ ಒತ್ತಡಗಳು ದೇಹವನ್ನು ಸವೆಸುತ್ತ ಹೋಗುವುದಕ್ಕೆ ಬ್ರೂಸ್ ಮೆಕ್ಯುಯೆನ್ ಮತ್ತು ಎಲಿಯಟ್ ಸ್ಟೆಲ್ಲರ್ ಎಂಬ ವಿಜ್ಞಾನಿಗಳು 1993ರಲ್ಲಿ 'ಅಲೋಸ್ಟ್ಯಾಟಿಕ್ ಲೋಡ್' ಎಂಬ ಹೆಸರನ್ನೇ ಕೊಟ್ಟಿದ್ದಾರೆ.

ಬೆಳಗಿನ ಹೊತ್ತೇ ಹೆಚ್ಚು ಕಷ್ಟವಾಗುವುದಕ್ಕೂ ಕಾರಣವಿರಬಹುದು. ಎಚ್ಚರವಾದ 30ರಿಂದ 45 ನಿಮಿಷಗಳಲ್ಲಿ ಕಾರ್ಟಿಸೋಲ್ ಹೆಚ್ಚಿನವರಲ್ಲಿ ಸಹಜವಾಗಿ ಏರುತ್ತದೆ, ಮತ್ತು ನೀವು ತಿಂಡಿ, ಡಬ್ಬಿಗಳ ಧಾವಂತದಲ್ಲಿ ಒಲೆಯ ಮುಂದೆ ನಿಂತಿರುವುದು ಸರಿಯಾಗಿ ಅದೇ ಹೊತ್ತು. ಖಾಲಿ ಹೊಟ್ಟೆಯಲ್ಲಿ ಗಟ್ಟಿ ಕಾಫಿ ಕುಡಿಯುವ ರೂಢಿಯಿದ್ದರೆ ಅದನ್ನು ತಿಂಡಿಯ ನಂತರಕ್ಕೆ ಹಾಕಿ, ಪ್ರಮಾಣವನ್ನೂ ಇಳಿಸಿ ನೋಡಿ.

ಮಾತ್ರೆಯನ್ನು ಮಾತ್ರ ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಪೂರ್ತಿ ಗುಣ ಕಂಡ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸಿ, ಆಮೇಲೆ ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ. ಆದರೆ ಕೈ ನಡುಕವನ್ನು ಅವರಿಗೆ ಹೇಳಲೇಬೇಕು. ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ನಡುಕ ಬರಬಹುದು, ಥೈರಾಯ್ಡ್ ಹಾರ್ಮೋನ್ ಏರಿದ್ದರೂ ಬರಬಹುದು. ರಕ್ತಹೀನತೆಯಿದ್ದರೆ ಎದೆಬಡಿತ ಜೋರಾಗುತ್ತದೆ. ಥೈರಾಯ್ಡ್, ರಕ್ತಹೀನತೆ ಎರಡೂ ರಕ್ತಪರೀಕ್ಷೆಯಿಂದ ತಿಳಿಯುತ್ತವೆ. ಬಿಪಿಯನ್ನೂ ನೋಡಿಸಿ, ಏಕೆಂದರೆ ದೀರ್ಘಕಾಲದ ಖಿನ್ನತೆಗೂ ಹೃದ್ರೋಗಕ್ಕೂ ನಂಟಿದೆ.

ಇನ್ನೊಂದು ಕೆಲಸವನ್ನು ಯಜಮಾನರ ಜೊತೆ ಕೂತು ಮಾಡಿ. ಬೆರಳನ್ನು ಮಣಿಕಟ್ಟಿನ ನಾಡಿಯ ಮೇಲಿಟ್ಟುಕೊಂಡು ನಿಧಾನವಾಗಿ ಉಸಿರಾಡಿದರೆ, ಒಳಗೆಳೆದಾಗ ಬಡಿತ ತುಸು ಚುರುಕಾಗಿ, ಹೊರಬಿಟ್ಟಾಗ ತುಸು ನಿಧಾನವಾಗುವುದು ಬೆರಳಿಗೇ ತಿಳಿಯುತ್ತದೆ. ಆ ನಿಧಾನ ವೇಗಸ್ ನರದ ಕೆಲಸ. ಹೊರಬಿಡುವ ಉಸಿರನ್ನು ಉದ್ದ ಮಾಡಿ, ನಿಮಿಷಕ್ಕೆ ಸುಮಾರು 6 ಉಸಿರಿನಂತೆ ಐದು ನಿಮಿಷ, ಒಲೆ ಹಚ್ಚುವ ಮೊದಲು ದಿನವೂ ಮಾಡಿ. ಖಿನ್ನತೆ ಇದರಿಂದ ವಾಸಿಯಾಗುವುದಿಲ್ಲ, ಆದರೆ ಏರಿದ್ದು ಇಳಿಯಲು ದಾರಿಯಾಗುತ್ತದೆ. ಯಜಮಾನರು ಕೆಟ್ಟ ಮನಸ್ಸಿನಿಂದ ಹಾಗೆ ಹೇಳುತ್ತಿದ್ದಾರೆಂದು ನನಗನ್ನಿಸುವುದಿಲ್ಲ, ಅವರಿಗೆ ನಿಮ್ಮ ನಾಡಿ ಕಾಣುತ್ತಿಲ್ಲ ಅಷ್ಟೇ. ಮುಂದಿನ ಸಲ ವೈದ್ಯರ ಬಳಿಗೆ ಅವರನ್ನೂ ಕರೆದೊಯ್ದು, ಮಾತ್ರೆಯ ಪ್ರಶ್ನೆಯನ್ನು ಅವರ ಬಾಯಿಂದಲೇ ಕೇಳಿಸಿ. ಅಷ್ಟರೊಳಗೆ ಬದುಕು ಬೇಡವೆನಿಸುವಂಥ ಯೋಚನೆ ಬಂದರೆ ಒಂದು ಗಳಿಗೆಯೂ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಕರೆದರೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.