ವೇಷದೊಳಗಿದ್ದಾಗ ‘ಸಾಕು’ ಅನ್ನುವುದು ಹೇಗೆ?

ಅಮೆರಿಕದ ದಕ್ಷಿಣ ಭಾಗದ ಒಂದು ಊರಿನಲ್ಲಿ ನಾನು ಆಪ್ತಸಲಹೆಗಾರ್ತಿ. ಈ ಹುಡುಗನನ್ನು ಚೇತನ್ ಅನ್ನೋಣ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿ, ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ವಯಸ್ಸು 20, ಮನೆ ಶಿವಮೊಗ್ಗದ ಕಡೆ. “ರಾತ್ರಿ ನಿದ್ದೆ ಬರ್ತಿಲ್ಲ ಅಕ್ಕ” ಎಂದು ಬಂದ. ಎರಡನೇ ಭೇಟಿ ಮುಗಿಸಿ ಹೊರಟವನು ಬಾಗಿಲಲ್ಲೇ ನಿಂತ. “ನಮ್ಮ ಕಾಲೇಜಿನ ಮ್ಯಾಸ್ಕಾಟ್ ನಾನೇ. ಯಾರಿಗೂ ಹೇಳೋ ಹಾಗಿಲ್ಲ.”

ಅಮೆರಿಕನ್ ಫುಟ್‌ಬಾಲ್ ಪಂದ್ಯಗಳಲ್ಲಿ ಪ್ರಾಣಿಯ ವೇಷ ತೊಟ್ಟು ಕುಣಿಯುವ ಈ ಮ್ಯಾಸ್ಕಾಟ್‌ಗಳು ಇಲ್ಲಿ ವಿದ್ಯಾರ್ಥಿಗಳೇ. ಒಳಗೆ ಯಾರಿದ್ದಾರೆ ಅನ್ನುವುದನ್ನು ಎಷ್ಟೋ ಕಾಲೇಜುಗಳು ಗುಟ್ಟಾಗಿ ಇಡುತ್ತವೆ. ವೇಷದಲ್ಲಿದ್ದಾಗ ಮಾತಾಡಬಾರದು. ಮಕ್ಕಳ ಮುಂದೆ ವೇಷದ ತಲೆ ತೆಗೆಯಬಾರದು.

ಸೆಪ್ಟೆಂಬರ್ ಮೊದಲ ವಾರದ ಪಂದ್ಯ, ಮಧ್ಯಾಹ್ನದ ಬಿಸಿಲು. ಚೇತನ್‌ದು ಹುಲಿಯ ವೇಷ. ಪ್ರತಿ ಸಲ ಅಂಕ ಬಂದಾಗಲೂ ಒಟ್ಟು ಅಂಕದಷ್ಟು ಪುಷ್ ಅಪ್ ಹೊಡೆಯಬೇಕು. ಆರೆಗಾನ್ ವಿಶ್ವವಿದ್ಯಾಲಯದ ಬಾತುಕೋಳಿ ವೇಷದ ಮ್ಯಾಸ್ಕಾಟ್ ಮಾಡುವ ಈ ಪುಷ್ ಅಪ್ ದೇಶಕ್ಕೆಲ್ಲ ಗೊತ್ತು. ಪ್ರತಿ ಸಲ 7 ಅಂಕ ಬಂದು 7, 14, 21, 28, 35 ಎಂದು ಏರಿದರೆ ಪುಷ್ ಅಪ್ ಸೇರಿ 105 ಆಯಿತು. ಚೇತನ್‌ಗೆ 28ರ ಹೊತ್ತಿಗೇ ತಲೆನೋವು, ವಾಕರಿಕೆ ಶುರುವಾಗಿತ್ತು. ವೇಷದವನನ್ನು ನೋಡಿಕೊಳ್ಳಲು ಜೊತೆಗಿರಬೇಕಾದ ಹ್ಯಾಂಡ್ಲರ್ ಫೋಟೋ ತೆಗೆಯಲು ಹೋಗಿದ್ದ. ಹುಡುಗ ಮೂಲೆಯಲ್ಲಿ ವಾಂತಿ ಮಾಡಿ, ತಲೆ ಮತ್ತೆ ಹಾಕಿಕೊಂಡು ಮೈದಾನಕ್ಕೆ ಬಂದ. ಆಮೇಲೆ ಬಿದ್ದ. ಗೆಳೆಯರು ಐಸ್ ನೀರು ಸುರಿದರು. ಎದ್ದು ರೂಮಿಗೆ ಹೋದ, ಅಷ್ಟೇ. ಈಗ ಆ ವೇಷ ನೋಡಿದರೇ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ.

ಇದು ಗಾಬರಿಯ ತೊಂದರೆ ಎಂದು ನಾನು ಮೊದಲು ಅಂದುಕೊಂಡೆ. ಆಮೇಲೆ ಅವನು, “ಬೀಳೋಕೆ ಮುಂಚಿನ ಹತ್ತು ನಿಮಿಷ ನೆನಪೇ ಇಲ್ಲ. ಯಾವುದೋ ಗೇಟಿನ ಹತ್ತಿರ ಸುಮ್ನೆ ಸುತ್ತುತ್ತಿದ್ದೆನಂತೆ” ಎಂದ. ನಾನು ಮಾತು ಅಲ್ಲೇ ನಿಲ್ಲಿಸಿದೆ. ಬಿಸಿಲಲ್ಲಿ ಬುದ್ಧಿ ಮಂಕಾಗುವುದು ಶಾಖಾಘಾತದ ಲಕ್ಷಣ. ಮೈಯೊಳಗಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. ಸ್ನಾಯು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. “ಮೂತ್ರದ ಬಣ್ಣ ಹೇಗಿತ್ತು?” ಎಂದು ಕೇಳಿದೆ. “ಮಾರನೇ ದಿನ ಕಾಫಿ ಥರ” ಎಂದ. ಅದೇ ದಿನ ವೈದ್ಯರ ಬಳಿ ರಕ್ತಪರೀಕ್ಷೆಗೆ ಕಳಿಸಿದೆ. ಮನಸ್ಸಿನ ಮಾತು ಆಮೇಲೆ. ನನ್ನಂಥ ಕೆಲಸ ಮಾಡುವವರು ಮೂತ್ರದ ಬಣ್ಣದ ಈ ಒಂದು ಪ್ರಶ್ನೆ ಮರೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

“ನೀರು ಜಾಸ್ತಿನೇ ಕುಡಿದಿದ್ದೆ ಅಕ್ಕ” ಎಂದ. ಕುಡಿದಿರಬಹುದು. ಆದರೆ ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ, ಅಲ್ವಾ? ದಪ್ಪ ತುಪ್ಪಳದೊಳಗೆ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಐಸ್ ಜಾಕೆಟ್ ಕೂಡ ಐಸ್ ಕರಗುವ ತನಕ ಮಾತ್ರ. ಕರಗಿದ ಮೇಲೆ ಅದೇ ಇನ್ನೊಂದು ಹೊರೆ. ಕಾಲೇಜು ಫುಟ್‌ಬಾಲ್ ಆಟಗಾರರ ಮೈ ಬಿಸಿಲಿಗೆ ಒಗ್ಗಲಿ ಎಂದು 2003ರಿಂದ ಅಭ್ಯಾಸದ ಮೊದಲ ದಿನಗಳಿಗೆ ನಿಯಮವಿದೆ. ಈ ಹುಡುಗನಿಗೆ ಮಾತ್ರ ಪಂದ್ಯದ ಹಿಂದಿನ ದಿನ ವೇಷ ಕೈಗೆ ಸಿಕ್ಕಿತ್ತು. ಇದು ನನಗೆ ತುಂಬಾ ನೋವು ಕೊಟ್ಟಿತು. ಅವನೂ ಆಟಗಾರರಷ್ಟೇ ಮೈ ದಂಡಿಸುತ್ತಾನೆ.

ಕಷ್ಟದ ಗಂಟು ಬೇರೆ ಕಡೆ ಇತ್ತು. “ಯಾಕೆ ಯಾರನ್ನೂ ಕರೆಯಲಿಲ್ಲ?” ಎಂದು ಕೇಳಿದೆ. “ಹುಲಿ ಮಾತಾಡಲ್ಲ ಅಕ್ಕ” ಎಂದ. ಹಿಂದಿನಿಂದ ಯಾರೋ ಗುದ್ದಿದಾಗಲೂ, ಮೈಮುಟ್ಟಬಾರದ ಕಡೆ ಕೈ ಹಾಕಿದಾಗಲೂ ಅವನು ಕುಣಿಯುತ್ತಲೇ ಇದ್ದನಂತೆ. ಇಲ್ಲಿಗೆ ಬಂದ ಮೊದಲ ವರ್ಷ ಅವನನ್ನು ಮಾತಾಡಿಸುವವರೇ ಇರಲಿಲ್ಲ. ವೇಷ ಹಾಕಿದರೆ ಸಾವಿರ ಜನ ಅಪ್ಪಿಕೊಳ್ಳುತ್ತಿದ್ದರು. ‘ಆಗಲ್ಲ’ ಅಂದರೆ ಆ ವೇಷ ಬೇರೆಯವರ ಪಾಲಾಗುತ್ತದೆ ಎಂಬ ಭಯ.

“ದಸರಾದಲ್ಲಿ ಗಾರುಡಿ ಗೊಂಬೆ ನೋಡಿದ್ದೀಯಲ್ಲ?” ಎಂದೆ. “ಒಳಗಿದ್ದವರು ಗೊಂಬೆ ಇಳಿಸಿ ಹೊರಗೆ ಬಂದು ನೀರು ಕುಡೀತಾರೆ. ಅದರಿಂದ ಗೊಂಬೆಯ ಚೆಂದ ಹೋಗುತ್ತಾ?” ಅವನು ತುಂಬಾ ಹೊತ್ತು ಸುಮ್ಮನಿದ್ದು, ಆಮೇಲೆ ಅತ್ತ.

ನಂತರ ಇಬ್ಬರೂ ಕೂತು ಕೋಚ್‌ಗೆ ಪತ್ರ ಬರೆದೆವು. ಹ್ಯಾಂಡ್ಲರ್ ಕ್ಷಣವೂ ಬಿಟ್ಟು ಹೋಗಬಾರದು. ಎರಡು ಕೈ ತಲೆ ಮೇಲೆ ಅಡ್ಡ ಹಿಡಿದರೆ ‘ಸಾಕು’ ಎಂದರ್ಥ. ಆಗ ಪ್ರಶ್ನೆ ಕೇಳದೆ ಒಳಗೆ ಕರೆದೊಯ್ಯಬೇಕು. ತಡವರಿಸಿದ್ದು ಕಂಡರೆ ಅವನು ಬೇಡ ಅಂದರೂ ಕರೆದೊಯ್ಯಬೇಕು, ಯಾಕೆಂದರೆ ಬುದ್ಧಿ ಮಂಕಾದವನಿಗೆ ಸನ್ನೆ ನೆನಪಿರುವುದಿಲ್ಲ. ಬಿಸಿಲಲ್ಲಿ 15 ನಿಮಿಷ, ಆಮೇಲೆ ತಣ್ಣನೆ ಕೋಣೆಯಲ್ಲಿ ತಲೆ ತೆಗೆದು ವಿಶ್ರಾಂತಿ. ಎರಡು ವಾರ ಮೊದಲೇ ಸ್ವಲ್ಪ ಸ್ವಲ್ಪ ಹೊತ್ತು ವೇಷದ ಅಭ್ಯಾಸ. ಕುಸಿದರೆ ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವ ತನಕ ಕಾಯದೆ ವೇಷ ಬಿಚ್ಚಿ ಐಸ್ ನೀರಿನ ತೊಟ್ಟಿಯಲ್ಲಿ ಕೂರಿಸಬೇಕು. ತಲೆ ನೀರಿನ ಮೇಲೇ ಇರಲಿ. ಮೈಮೇಲೆ ಕೈ ಮಾಡಿದವರನ್ನು ಮೈದಾನದಿಂದ ಹೊರಗೆ ಕಳಿಸಬೇಕು.

ಅಮ್ಮನಿಗೆ ಹೇಳುವುದಕ್ಕೆ ಇನ್ನೂ ಎರಡು ವಾರ ಬೇಕಾಯಿತು.

ಮತ್ತೆ ವೇಷ ಹಾಕಲು ವೈದ್ಯರು ಒಪ್ಪಿದ್ದು ಅಕ್ಟೋಬರ್ ಕೊನೆಗೆ. ಅದಕ್ಕೂ ಮೊದಲು ನನ್ನ ಕೋಣೆಯಲ್ಲಿ ವೇಷದ ಕೈಗವಸು ಮಾತ್ರ ಹಾಕಿ ಕೂರುತ್ತಿದ್ದ, ಆಮೇಲೆ ತಲೆ. ವಾಪಸ್ ಹೋದ ಮೊದಲ ಪಂದ್ಯದಲ್ಲಿ 11ನೇ ನಿಮಿಷಕ್ಕೇ ಕೈ ಅಡ್ಡ ಹಿಡಿದನಂತೆ. ಹ್ಯಾಂಡ್ಲರ್ ಬಂದು ಒಳಗೆ ಕರೆದೊಯ್ದ. “ಏನೂ ಆಗಿರಲಿಲ್ಲ ಅಕ್ಕ, ಬರ್ತಾನಾ ಅಂತ ನೋಡಿದೆ” ಎಂದು ಸಂಜೆ ಫೋನ್ ಮಾಡಿದ.